ತಿಂಡಿ ಮನೆಯಲ್ಲೇ ಮಾಡಬೇಕಾ, ಹೋಟೆಲಿಂದ ತಂದರೆ ಸಾಕಾ?

ಪ್ರಶ್ನೆ: ನಾವು ಬೆಂಗಳೂರಿನ ಕತ್ರಿಗುಪ್ಪೆಯಲ್ಲಿದ್ದೇವೆ. ಮನೆಯಲ್ಲಿ ನಾನು, ನಮ್ಮ ಮನೆಯವರು, ಐದನೇ ಕ್ಲಾಸಿನ ಮಗ ಮತ್ತು ಅತ್ತೆ. ನಮ್ಮಿಬ್ಬರಿಗೂ ಕೆಲಸ. ಮಗನ ಸ್ಕೂಲ್ ವ್ಯಾನ್ 7.50ಕ್ಕೆ ಬರುತ್ತದೆ. ಅತ್ತೆಗೆ ಶುಗರ್ ಇದೆ, ಬೆಳಿಗ್ಗೆ ಮಾತ್ರೆ ತಗೊಳ್ಳುತ್ತಾರೆ. ಕೆಲವು ತಿಂಗಳಿಂದ ಸೋಮವಾರದಿಂದ ಶುಕ್ರವಾರದವರೆಗೆ ತಿಂಡಿ ಆ್ಯಪ್‌ನಲ್ಲೇ ತರಿಸುತ್ತಿದ್ದೇವೆ. ದಿನಕ್ಕೆ ಹೆಚ್ಚುಕಡಿಮೆ 400 ರೂಪಾಯಿ ಆಗುತ್ತದೆ. ‘ಮನೆಯಲ್ಲಿ ಮಾಡಿದರೆ ತಿಂಗಳಿಗೆ ಎರಡು ಸಾವಿರದಲ್ಲಿ ಮುಗಿಯುತ್ತೆ’ ಅನ್ನುತ್ತಾರೆ ನಮ್ಮ ಮನೆಯವರು. ನಾನು ಐದೂವರೆಗೆ ಎದ್ದು ಒಲೆ ಮುಂದೆ ನಿಲ್ಲಬೇಕಲ್ಲ, ಅದಕ್ಕೆ ಬೆಲೆ ಇಲ್ಲವಾ? ನಿಜವಾಗಿ ಲಾಭ ಯಾವುದರಲ್ಲಿ? ಮನೆಯಲ್ಲೇ ಮಾಡುವುದಾದರೆ ಗ್ರೈಂಡರ್ ತಗೊಳ್ಳಬೇಕಾ?

ಉತ್ತರ: ಸಾಮಾನಿನ ಲೆಕ್ಕದಲ್ಲಿ ನಿಮ್ಮ ಮನೆಯವರು ಹೇಳಿದ್ದು ಸರಿ. ಆದರೆ ಅವರ ಲೆಕ್ಕ ಅರ್ಧಕ್ಕೇ ನಿಂತಿದೆ. ಉಳಿಯುವ ದುಡ್ಡು ನಾಲ್ಕೂ ಜನರದು. ಅದಕ್ಕೆ ಹೋಗುವ ಬೆಳಗಿನ ಹೊತ್ತು ನಿಮ್ಮೊಬ್ಬರದು. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಮೊದಲು ದುಡ್ಡಿನ ವಿಚಾರ ಮುಗಿಸಿಬಿಡೋಣ.

ಒಂದೇ ತಿಂಡಿ ಹಿಡಿದು ನೋಡೋಣ, ಇಡ್ಲಿ-ಚಟ್ನಿ. 600 ಗ್ರಾಂ ಇಡ್ಲಿ ಅಕ್ಕಿ, 200 ಗ್ರಾಂ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಅಕ್ಕಿ ಕೆಜಿಗೆ 50 ರೂಪಾಯಿ, ಬೇಳೆ 140 ರೂಪಾಯಿ ಎಂದು ಹಿಡಿದರೆ ಉಪ್ಪು, ಕರೆಂಟು ಎಲ್ಲ ಸೇರಿ 60 ರೂಪಾಯಿ. ಇಷ್ಟರಲ್ಲಿ ಸುಮಾರು 40 ಇಡ್ಲಿ ಆಗುತ್ತವೆ. ಅಂದರೆ ಒಂದು ಇಡ್ಲಿಗೆ ಒಂದೂವರೆ ರೂಪಾಯಿ. ನಿಮ್ಮ ನಾಲ್ಕು ಜನಕ್ಕೆ 14 ಇಡ್ಲಿ ಬೇಕು ಎಂದುಕೊಳ್ಳಿ, 21 ರೂಪಾಯಿ. ಈಗ ದುಬಾರಿಯಾಗಿರುವುದು ಇಡ್ಲಿಗಿಂತ ಚಟ್ನಿ. ಅರ್ಧ ಹೋಳು ತೆಂಗಿನಕಾಯಿ, ಹುರಿಗಡಲೆ, ಕೊತ್ತಂಬರಿ, ಒಗ್ಗರಣೆ ಎಲ್ಲ ಸೇರಿ 40 ರೂಪಾಯಿ ಹಿಡಿಯಿರಿ. ಗ್ಯಾಸಿಗೆ ತುಂಬಾ ಖರ್ಚಾಗುತ್ತದೆ ಎಂದು ಹಲವರು ಹೇಳುತ್ತಾರೆ, ಅದು ನಿಜವಲ್ಲ. 14.2 ಕೆಜಿ ಸಿಲಿಂಡರಿಗೆ 900 ರೂಪಾಯಿ ಎಂದಿಟ್ಟುಕೊಂಡರೂ ಇಪ್ಪತ್ತು ನಿಮಿಷ ಹಬೆಗೆ ಹೋಗುವುದು ನಾಲ್ಕು ರೂಪಾಯಿಯ ಗ್ಯಾಸ್. ಒಟ್ಟು 65 ರೂಪಾಯಿ.

ಅಂಗಡಿಯ ಹಿಟ್ಟು ತಂದರೆ? ನೂರು ರೂಪಾಯಿ ಎಂದು ಹಿಡಿದ ಒಂದು ಕೆಜಿ ಪ್ಯಾಕೆಟ್ಟಿನಲ್ಲಿ ಇಪ್ಪತ್ತರ ಹತ್ತಿರ ಇಡ್ಲಿ ಬರುತ್ತವೆ, ಅಂದರೆ ಇಡ್ಲಿಗೆ ಐದು ರೂಪಾಯಿ. ಚಟ್ನಿ ಮನೆಯದೇ ಆದರೆ ನಾಲ್ಕು ಜನಕ್ಕೆ 115 ರೂಪಾಯಿ. ಬೀದಿ ಕೊನೆಯ ದರ್ಶಿನಿಗೆ ನಡೆದುಹೋಗಿ ನಿಂತು ತಿಂದರೆ ಎರಡು ಇಡ್ಲಿ, ಒಂದು ವಡೆಯ ಪ್ಲೇಟಿಗೆ 65 ರೂಪಾಯಿ ಎಂದು ಹಿಡಿಯೋಣ, 260 ರೂಪಾಯಿ. ನಿಮ್ಮ ಆ್ಯಪ್ ಬಿಲ್ಲು 400. ದರಗಳು ಬಡಾವಣೆಯಿಂದ ಬಡಾವಣೆಗೆ ಬೇರೆ. ನಿಮ್ಮ ಬೀದಿಯ ದರ ಹಾಕಿ ನೋಡಿ, ನಾಲ್ಕರ ನಡುವಿನ ಅಂತರ ಹೆಚ್ಚೇನೂ ಬದಲಾಗುವುದಿಲ್ಲ.

ಈಗ ಗಮನಿಸಿ. ಮನೆಗೂ ಆ್ಯಪ್‌ಗೂ ಇರುವ ವ್ಯತ್ಯಾಸ 335 ರೂಪಾಯಿ. ಅದರಲ್ಲಿ 195 ರೂಪಾಯಿಗೆ ನಿಮಗೆ ಹೋಟೆಲಿನವರ ದುಡಿಮೆ ಸಿಗುತ್ತದೆ. ರುಬ್ಬಿ, ಬೇಯಿಸಿ, ಪಾತ್ರೆ ತೊಳೆದು ಕೊಡುತ್ತಾರೆ, ಜೊತೆಗೆ ವಡೆಯೂ ಉಂಟು. ಉಳಿದ 140 ರೂಪಾಯಿ ಬರೀ ಬಾಗಿಲಿಗೆ ಬರುವುದಕ್ಕೆ. ಆ್ಯಪ್‌ನಲ್ಲಿ ಎಷ್ಟೋ ಹೋಟೆಲುಗಳ ದರ ಕೌಂಟರಿನ ದರಕ್ಕಿಂತ ಜಾಸ್ತಿ ಇರುತ್ತದೆ, ಯಾಕೆಂದರೆ ಆ್ಯಪ್‌ನವರಿಗೆ ಕೊಡಬೇಕಾದ ಕಮಿಷನ್ ಅಲ್ಲೇ ಸೇರಿಸಿರುತ್ತಾರೆ. ಅದರ ಮೇಲೆ ಪ್ಯಾಕಿಂಗ್, ಡೆಲಿವರಿ, ಆ್ಯಪ್‌ನವರು ಪ್ರತಿ ಆರ್ಡರಿಗೆ ಹಾಕುವ ಪ್ಲಾಟ್‌ಫಾರ್ಮ್ ಫೀ. ಈ ಪ್ಲಾಟ್‌ಫಾರ್ಮ್ ಫೀ 2023ರಲ್ಲಿ ಶುರುವಾದಾಗ 2 ರೂಪಾಯಿ ಇತ್ತು, 2025ರಲ್ಲಿ 10 ರೂಪಾಯಿ ದಾಟಿತು. ತಿಂಡಿಗೆ 5% ಜಿಎಸ್‌ಟಿ ಮೊದಲೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ಡೆಲಿವರಿ ಶುಲ್ಕಕ್ಕೂ 18% ಬಂತು. ನಿಮ್ಮ ಹಳೆಯ ಬಿಲ್ಲುಗಳಲ್ಲಿ ಒಂದನ್ನು ತೆಗೆದು, ಅದೇ ತಿಂಡಿಗೆ ಆ ಹೋಟೆಲಿನ ಗೋಡೆಯ ಮೇಲೆ ಬರೆದ ದರ ಎಷ್ಟಿದೆ ಎಂದು ಒಮ್ಮೆ ನೋಡಿಕೊಂಡು ಬನ್ನಿ. ನಾನು ಸಲಹೆ ಕೊಟ್ಟ ಮನೆಗಳಲ್ಲಿ ಈ ಒಂದು ಹೋಲಿಕೆಯಿಂದಲೇ ಅರ್ಧ ವಾದ ಮುಗಿದಿದೆ.

ಹೋಟೆಲ್ ತಿಂಡಿ ದುಬಾರಿ ಎಂದು ಸುಮ್ನೆ ಬೈಯುವುದು ನ್ಯಾಯವಲ್ಲ. ಸಾಮಾನ್ಯವಾಗಿ ತಟ್ಟೆಯ ಬೆಲೆಯಲ್ಲಿ ಸಾಮಾನಿನ ಪಾಲು ಮೂರರಲ್ಲಿ ಒಂದು ಭಾಗ, ಸ್ವಲ್ಪ ಮೇಲೆ. ಉಳಿದದ್ದು ಬಾಡಿಗೆ, ಸಂಬಳ, ಕರೆಂಟು, ಕಮರ್ಷಿಯಲ್ ಸಿಲಿಂಡರ್. ಅವರ 19 ಕೆಜಿ ಸಿಲಿಂಡರಿನಲ್ಲಿ ಒಂದು ಕೆಜಿ ಗ್ಯಾಸಿಗೆ ನಾವು ಮನೆಯಲ್ಲಿ ಕೊಡುವುದಕ್ಕಿಂತ ಜಾಸ್ತಿ ಬೀಳುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಕಾಫಿಪುಡಿಯೂ ಅದೇ ಹೊತ್ತಿಗೆ ಏರಿತ್ತು. ಹಾಗಾಗಿ ಹೋಟೆಲ್ ಕಾಫಿಯ ದರವೂ ಏರಿತು. ಇಷ್ಟಾದರೂ ಬೆಂಗಳೂರಿನಲ್ಲಿ ನಿಂತು ತಿನ್ನುವ ತಿಂಡಿ ಕೈಗೆಟಕುವ ಹಾಗೆ ಉಳಿದಿದೆ. ಅದಕ್ಕೆ ದರ್ಶಿನಿಯ ಪದ್ಧತಿಯೇ ಕಾರಣ. 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ ಈ ಪದ್ಧತಿ ಊರಿಡೀ ಹಬ್ಬಿತು. ಕೂಪನ್ ತಗೊಂಡು, ಕೌಂಟರಿನಲ್ಲಿ ತಟ್ಟೆ ಹಿಡಿದು, ನಿಂತೇ ತಿಂದು ಹೋಗುವುದು. ಸಪ್ಲೈಯರ್ ಬೇಡ, ದೊಡ್ಡ ಜಾಗ ಬೇಡ. ಒಂದೇ ಟೇಬಲ್ ಬಳಿ ಗಂಟೆಗೆ ಎಷ್ಟೋ ಜನ ನಿಂತು ಹೋಗುತ್ತಾರೆ. ಬಾಡಿಗೆ ನೂರಾರು ತಟ್ಟೆಗಳಿಗೆ ಹಂಚಿಹೋಗುತ್ತದೆ. ಇದೇ ತಿಂಡಿಯನ್ನು ಡಬ್ಬಿಗೆ ತುಂಬಿ ಸ್ಕೂಟರಿನಲ್ಲಿ ಮನೆಗೆ ಕಳಿಸಿದರೆ ದರ್ಶಿನಿಯ ಆ ಲಾಭವೆಲ್ಲ ದಾರಿಯಲ್ಲೇ ಖಾಲಿ.

ರುಚಿಯ ಮಾತೂ ಇದೆ. ದೋಸೆ ಗರಿಗರಿ ಇರುವುದು ಅದರೊಳಗಿನ ನೀರು ಆವಿಯಾಗಿ ಹೋಗಿರುವುದರಿಂದ. ಬಿಸಿ ದೋಸೆಯನ್ನು ಡಬ್ಬಿಯಲ್ಲಿ ಮುಚ್ಚಿದರೆ ಆ ಆವಿ ಹೊರಗೆ ಹೋಗಲಾರದೆ ಮತ್ತೆ ದೋಸೆಗೇ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಮಸಾಲೆ ದೋಸೆ ಒದ್ದೆ ಚರ್ಮದ ಹಾಗಾಗುತ್ತದೆ. ವಡೆಯೂ ಅಷ್ಟೆ. ಖಾರಾಬಾತು, ಪೊಂಗಲ್ ಆರುತ್ತಾ ಗಟ್ಟಿಯಾಗುತ್ತವೆ. ಇಡ್ಲಿ ಮಾತ್ರ ಪಾರ್ಸೆಲ್ಲನ್ನು ತಡೆದುಕೊಳ್ಳುತ್ತದೆ. ಹಾಗಾಗಿ ತರಿಸಲೇಬೇಕಾದ ದಿನ ಇಡ್ಲಿ ತರಿಸಿ. ಮಸಾಲೆ ದೋಸೆ ತಿನ್ನಬೇಕಾದರೆ ಕಲ್ಲಿನ ಹತ್ತಿರವೇ ಹೋಗಿ ತಿನ್ನಿ.

ಪಾರ್ಸೆಲ್ ವಿಚಾರದಲ್ಲಿ ಇನ್ನೊಂದನ್ನು ಹೇಳದೆ ಇರಲಾರೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತೆಯವರು ತಪಾಸಣೆ ಮಾಡಿದಾಗ, 251 ಇಡ್ಲಿ ಮಾದರಿಗಳಲ್ಲಿ 52ರಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸಿದ್ದು ಗೊತ್ತಾಯಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಬೇಯಿಸುವುದು ಬಟ್ಟೆಯಲ್ಲೇ ಆದರೂ, ಕುದಿಯುವ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರಿದು ಗಂಟು ಹಾಕಿ ಕೊಡುವುದು ಇನ್ನೂ ಎಷ್ಟೋ ಕಡೆ ನಡೆದಿದೆ. ಹತ್ತು ವರ್ಷದ ಮಗು ವಾರಕ್ಕೆ ಐದು ದಿನ ಅದನ್ನು ತಿನ್ನುವುದು ನನಗೆ ಸರಿ ಕಾಣುವುದಿಲ್ಲ. ಹತ್ತಿರದ ಹೋಟೆಲಿಂದ ತರುವುದಾದರೆ ಸ್ಟೀಲ್ ಡಬ್ಬಿ ತಗೊಂಡು ಹೋಗಿ. ಬಹಳಷ್ಟು ಕಡೆ ಸಂತೋಷದಿಂದಲೇ ತುಂಬಿಸಿ ಕೊಡುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದದ್ದು ಅತ್ತೆಯವರ ವಿಚಾರ. ಅವರು ಯಾವ ಮಾತ್ರೆ ತಗೊಳ್ಳುತ್ತಾರೆ ಎಂದು ಬರೆದಿಲ್ಲ. ಗ್ಲಿಮೆಪಿರೈಡ್ ತರಹದ್ದಾದರೆ ಸಾಮಾನ್ಯವಾಗಿ ಬೆಳಗಿನ ತಿಂಡಿಯ ಜೊತೆ, ಇಲ್ಲ ಅದಕ್ಕೆ ಸ್ವಲ್ಪ ಮುಂಚೆ ಕೊಡುತ್ತಾರೆ. ಅಂಥ ಮಾತ್ರೆ ನುಂಗಿದ ಮೇಲೆ, ಅಥವಾ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ತಿಂಡಿ ತಡವಾದರೆ ಶುಗರ್ ತೀರಾ ಇಳಿದುಹೋಗಬಹುದು. ಕೈ ನಡುಗುವುದು, ಬೆವರುವುದು, ತಲೆ ಸುತ್ತುವುದು ಅದರ ಲಕ್ಷಣ. ಮಳೆ ಬಂದರೆ, ಟ್ರಾಫಿಕ್ ಇದ್ದರೆ ಆ್ಯಪ್‌ನ ತಿಂಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರೂ ಹೇಳಲಾರರು. ತಿಂಡಿ ಮನೆಯೊಳಗೆ ಬಂದ ಮೇಲೇ ಮಾತ್ರೆ ಎನ್ನುವ ನಿಯಮ ಇವತ್ತೇ ಮಾಡಿಕೊಳ್ಳಿ. ಯಾವ ಮಾತ್ರೆಗೆ ಎಷ್ಟು ಹೊತ್ತು ಎನ್ನುವುದನ್ನು ಅವರ ಡಾಕ್ಟರ್ ಹತ್ತಿರ ಕೇಳಿ. ಇನ್ನು ತಿಂಡಿಯ ವಿಚಾರ. ಬರೀ ಇಡ್ಲಿ ಬೇಗ ಶುಗರ್ ಏರಿಸುತ್ತದೆ. ಮನೆಯಲ್ಲಾದರೆ ಅವರಿಗೆ ಒಂದು ಇಡ್ಲಿ ಕಡಿಮೆ ಮಾಡಿ, ತರಕಾರಿ ಹಾಕಿದ ಬೇಳೆ ಸಾಂಬಾರು ಜಾಸ್ತಿ ಹಾಕಬಹುದು. ಹೆಸರುಕಾಳು ನೆನೆಸಿ ರುಬ್ಬಿ ದೋಸೆ ಹುಯ್ಯಬಹುದು, ಅದಕ್ಕೆ ಹುಳಿ ಬರಿಸುವ ಗೋಜೂ ಇಲ್ಲ. ಈ ಹೊಂದಾಣಿಕೆ ಪಾರ್ಸೆಲ್ ಡಬ್ಬಿಯಲ್ಲಿ ಆಗುವುದಿಲ್ಲ ಅಲ್ವಾ? ಇದೊಂದೇ ಕಾರಣಕ್ಕೆ ನಿಮ್ಮ ಮನೆಯಲ್ಲಿ ವಾರದ ಹೆಚ್ಚಿನ ದಿನ ಒಲೆ ಹಚ್ಚುವುದು ಒಳ್ಳೆಯದು ಎನ್ನುತ್ತೇನೆ.

ಈಗ ನಿಮ್ಮ ಹೊತ್ತಿನ ಬೆಲೆ. ತಿಂಗಳಿಗೆ 22 ಕೆಲಸದ ದಿನ ಎಂದರೆ ಆ್ಯಪ್‌ಗೆ 8,800 ಹೋಗುತ್ತದೆ. ತರಕಾರಿ, ತುಪ್ಪ ಎಲ್ಲ ಸೇರಿ ಮನೆ ತಿಂಡಿಗೆ ಸರಾಸರಿ 90 ರೂಪಾಯಿ ಹಿಡಿದರೆ ಹೆಚ್ಚುಕಡಿಮೆ ಎರಡು ಸಾವಿರ. ಸುಮಾರು 6,800 ಉಳಿಯುತ್ತದೆ. ನೀವೊಬ್ಬರೇ ದಿನಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ದುಡಿದರೆ ತಿಂಗಳಿಗೆ 25 ಗಂಟೆ. ಗಂಟೆಗೆ 270 ರೂಪಾಯಿ ಬೀಳುತ್ತದೆ. ಇದು ಸಣ್ಣ ಮೊತ್ತವಲ್ಲ. ಆದರೆ ಆ ದುಡ್ಡಿಗಾಗಿ ನಿದ್ದೆ ಬಿಡಬೇಕಾದವರು ಯಾರು ಎನ್ನುವುದೂ ಸಣ್ಣ ಪ್ರಶ್ನೆಯಲ್ಲ. 2024ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವವರ ಲೆಕ್ಕ ಮಾತ್ರ. ಕೈಯೇ ಹಾಕದವರು ಅದರಲ್ಲಿ ಇಲ್ಲ. ಆದ್ದರಿಂದ ನಿಮ್ಮ ಮನೆಯವರಿಗೆ ನಾನು ನೇರವಾಗಿಯೇ ಹೇಳುತ್ತೇನೆ. ಎರಡು ಸಾವಿರದಲ್ಲಿ ಮುಗಿಸುವುದು ನಿಮಗೆ ಮುಖ್ಯ ಎಂದಾದರೆ ಬೆಳಿಗ್ಗೆ ನೀವೂ ಅಡುಗೆಮನೆಗೆ ಬನ್ನಿ. ಒಬ್ಬರು ಚಟ್ನಿ, ಇನ್ನೊಬ್ಬರು ಒಲೆ. ಇಲ್ಲವೇ ವಾರದಲ್ಲಿ ಎರಡು ದಿನ ಪೂರ್ತಿ ನಿಮ್ಮದು. ಉಪ್ಪಿಟ್ಟು, ಅವಲಕ್ಕಿ ಕಲಿಯಲು ಒಂದು ಭಾನುವಾರ ಸಾಕು. ಇದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಆ ಎರಡು ಸಾವಿರದ ಮಾತನ್ನು ಎತ್ತಬಾರದು.

ಇಬ್ಬರಿಗೂ ಆಗುವುದೇ ಇಲ್ಲ ಎಂದರೆ ಬೆಳಗಿನ ತಿಂಡಿಗೆ ಮಾತ್ರ ಅಡುಗೆಯವರನ್ನು ಇಟ್ಟುಕೊಳ್ಳಬಹುದು. ಬಡಾವಣೆಯ ಮೇಲೆ ತಿಂಗಳಿಗೆ ಮೂರರಿಂದ ನಾಲ್ಕು ಸಾವಿರ ಕೇಳುತ್ತಾರೆ. ಸಾಮಾನು ಸೇರಿದರೂ ಆ್ಯಪ್‌ಗಿಂತ ಕಡಿಮೆ. ಅವರಿಗೂ ವಾರದ ರಜೆ, ಹಬ್ಬದ ರಜೆ ಸಂಬಳ ಹಿಡಿಯದೆ ಕೊಡಬೇಕು. ಬಿಸಿ ತಿಂಡಿ, ಹೇಳಿದ ಹಾಗೆ ಉಪ್ಪು-ಎಣ್ಣೆ, ಅತ್ತೆಯವರಿಗೆ ಹೊತ್ತಿಗೆ ಸರಿಯಾಗಿ ಊಟ. ತೊಂದರೆ ಒಂದೇ, ಆರೂವರೆಗೆ ಬರುವವರು ಸಿಗುವುದು ಕಷ್ಟ.

ನಿಮ್ಮ ಮನೆಗೆ ನಾನು ಹೇಳುವ ದಾರಿ ಹೀಗಿದೆ. ನಾಲ್ಕು ದಿನ ಮನೆ, ಒಂದು ದಿನ ದರ್ಶಿನಿ, ಆ್ಯಪ್ ಬರೀ ಜ್ವರ ಬಂದ ದಿನಕ್ಕೆ. ಆ ನಾಲ್ಕು ದಿನಗಳಲ್ಲಿ ಯಾವುದೂ ಐದೂವರೆಗೆ ಎಬ್ಬಿಸುವ ತಿಂಡಿ ಆಗಬಾರದು. ಆರೂಮುಕ್ಕಾಲಿಗೆ ಶುರುಮಾಡಿ ಏಳೂಕಾಲಿಗೆ ತಟ್ಟೆಗೆ ಬರಬೇಕು. ಅದಕ್ಕೆ ಭಾನುವಾರದ ಒಂದು ಗಂಟೆ ಬೇಕು, ಇಬ್ಬರದೂ.

ಭಾನುವಾರ ಮಧ್ಯಾಹ್ನ ಅಕ್ಕಿ, ಬೇಳೆ ನೆನೆಹಾಕಿ ಸಂಜೆ ರುಬ್ಬಿಡಿ. ರಾತ್ರಿ ಉಬ್ಬಿದ ಹಿಟ್ಟಿನಲ್ಲಿ ಸೋಮವಾರ ಇಡ್ಲಿ. ಉಳಿದದ್ದನ್ನು ಬೆಳಿಗ್ಗೆಯೇ ಫ್ರಿಜ್ಜಿಗೆ ಇಡಿ, ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಬುಧವಾರ ಅದೇ ಹಿಟ್ಟಿನ ದೋಸೆ. ಗುರುವಾರದ ಹೊತ್ತಿಗೆ ಹುಳಿ ಏರಿರುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹೆಚ್ಚಿ ಹಾಕಿ ಪಡ್ಡು ಮಾಡಿ. ಪಡ್ಡಿಗೆ ಆ ಹುಳಿಯೇ ರುಚಿ, ಮಕ್ಕಳೂ ಕೇಳಿ ಕೇಳಿ ತಿನ್ನುತ್ತಾರೆ. ಡಿಸೆಂಬರ್, ಜನವರಿಯ ಬೆಂಗಳೂರಿನ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ ಎಂದು ಎಲ್ಲರೂ ದೂರುತ್ತಾರೆ. ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳಿಗೆ ಬೆಚ್ಚಗೆ ಇರಬೇಕು, ಅಷ್ಟೆ. ಪಾತ್ರೆಯನ್ನು ಮುಚ್ಚಿದ ಕಪಾಟಿನಲ್ಲಿಟ್ಟು, ಪಕ್ಕದಲ್ಲಿ ಬಿಸಿನೀರಿನ ಚೊಂಬು ಇಡಿ. ಒಂದೆರಡು ಗಂಟೆ ಜಾಸ್ತಿ ಬಿಡಿ.

ಮಂಗಳವಾರ ಉಪ್ಪಿಟ್ಟು ಇಲ್ಲವೇ ಅವಲಕ್ಕಿ. ಒಂದು ಕೆಜಿ ರವೆ ಮೊದಲೇ ಹುರಿದು ಡಬ್ಬಿಗೆ ಹಾಕಿಟ್ಟರೆ ಹುಳ ಬರುವುದು ಕಡಿಮೆ, ಬೆಳಿಗ್ಗೆ ಹತ್ತು ನಿಮಿಷವೂ ಉಳಿಯುತ್ತದೆ. ಬೀನ್ಸ್, ಕ್ಯಾರೆಟ್ ರಾತ್ರಿಯೇ ಹೆಚ್ಚಿಡಿ. ಗೊಜ್ಜವಲಕ್ಕಿ ನಮ್ಮ ಮನೆಗಳು ಮರೆಯುತ್ತಿರುವ ಒಳ್ಳೆಯ ತಿಂಡಿ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿ ಮಾಡಿಟ್ಟುಕೊಂಡು, ಹುಣಸೆರಸ, ಬೆಲ್ಲ, ಉಪ್ಪು, ಸಾರಿನಪುಡಿ ಕಲಸಿದ ನೀರಿನಲ್ಲಿ ನೆನೆಸಿ, ಮೇಲೊಂದು ಒಗ್ಗರಣೆ ಕೊಟ್ಟರೆ ಮುಗಿಯಿತು. ಒಲೆಯ ಕೆಲಸ ಎರಡು ನಿಮಿಷ. ಮಗನ ಡಬ್ಬಿಗೂ ಆಗುತ್ತದೆ, ಆರಿದರೂ ರುಚಿ ಕೆಡುವುದಿಲ್ಲ.

ರಾತ್ರಿ ಅನ್ನ ಉಳಿದರೆ ಚಿತ್ರಾನ್ನಕ್ಕಿಂತ ಅಗ್ಗದ ತಿಂಡಿ ಬೇರೆ ಇಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಅನ್ನವನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡಬೇಡಿ. ಬೇಯಿಸಿದರೂ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾ ಅನ್ನದಲ್ಲಿ ಇರಬಹುದು, ಹೊರಗಿಟ್ಟರೆ ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬೇಯಿಸಿ ಎರಡು ಗಂಟೆಯೊಳಗೆ ಉಳಿದ ಅನ್ನ ಫ್ರಿಜ್ಜಿನಲ್ಲಿರಲಿ.

ಶುಕ್ರವಾರ ದರ್ಶಿನಿ. ಅಲ್ಲಿ ಮನೆಯಲ್ಲಿ ಮಾಡಲಾಗದ್ದನ್ನೇ ತಿನ್ನಿ. ನಾಲ್ಕು ಜನಕ್ಕೆ ವಡೆ ಮಾಡಲು ಬಾಣಲೆಗೆ ಅರ್ಧ ಲೀಟರ್ ಎಣ್ಣೆ ಹಾಕಬೇಕು, ಉಳಿದ ಎಣ್ಣೆಯನ್ನು ಏನು ಮಾಡುವುದು ಎಂಬ ಚಿಂತೆ ಬೇರೆ. ಮಸಾಲೆ ದೋಸೆಗೆ ಪಲ್ಯ, ಕೆಂಪು ಚಟ್ನಿ, ಬಿಳಿ ಚಟ್ನಿ ಎಂದು ಮೂರು ಕೆಲಸ. ಇವು ಹೋಟೆಲಿಗೇ ಸರಿ. ಕರಿದದ್ದು ತಿನ್ನುವಾಗ ಎಣ್ಣೆಯ ಕಡೆ ಕಣ್ಣಿರಲಿ. ಕಪ್ಪಾಗಿ ನೊರೆ ಬರುವ ಎಣ್ಣೆ ಕಂಡರೆ ಆ ದಿನ ಇಡ್ಲಿ ತಿಂದು ಬನ್ನಿ. ಅತ್ತೆಯವರಿಗೆ ಅಲ್ಲಿಯವರೆಗೆ ನಡೆಯಲು ಆದರೆ ಕರೆದುಕೊಂಡು ಹೋಗಿ, ಆಗದಿದ್ದರೆ ಸ್ಟೀಲ್ ಡಬ್ಬಿಯಲ್ಲಿ ತನ್ನಿ.

ಹೀಗೆ ಮಾಡಿದರೆ ತಿಂಗಳಿಗೆ ಮೂರು ಸಾವಿರದ ಒಳಗೆ ಮುಗಿಯುತ್ತದೆ. ನಿಮ್ಮ ಮನೆಯವರ ಲೆಕ್ಕಕ್ಕಿಂತ ಸಾವಿರದಷ್ಟು ಜಾಸ್ತಿ. ಆದರೆ ವಾರಕ್ಕೊಂದು ಬೆಳಗ್ಗೆ ಮನೆಯಲ್ಲಿ ಯಾರೂ ಒಲೆ ಮುಂದೆ ನಿಲ್ಲುವುದಿಲ್ಲ. ಈ ಸಾವಿರ ಕೊಡಲು ಹಿಂದೆಮುಂದೆ ನೋಡಬೇಡಿ.

ಈ ಲೆಕ್ಕ ನಾಲ್ಕು ಜನರ ಮನೆಯದು. ಒಬ್ಬರೇ ರೂಮು ಮಾಡಿಕೊಂಡಿರುವವರು ಇದನ್ನು ಹಾಗೇ ಹಾಕಿಕೊಳ್ಳಬಾರದು. ಒಬ್ಬರಿಗಾಗಿ ಕಾಯಿ ಒಡೆದರೆ ಅರ್ಧ ಹಾಳಾಗುತ್ತದೆ, ಹಿಟ್ಟು ಹುಳಿಯಾಗಿ ಚೆಲ್ಲಬೇಕಾಗುತ್ತದೆ. ಅಂಥವರಿಗೆ ದರ್ಶಿನಿಯ ಇಡ್ಲಿಯೇ ಬುದ್ಧಿವಂತಿಕೆ. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಇನ್ನೂ ಒಳ್ಳೆಯದು, 2017ರ ಆಗಸ್ಟಿನಲ್ಲಿ ಶುರುವಾದಾಗ ಅಲ್ಲಿ ತಿಂಡಿಗೆ ಇಟ್ಟ ಬೆಲೆ 5 ರೂಪಾಯಿ.

ಕೊನೆಗೆ ಗ್ರೈಂಡರ್. ಎರಡು ಲೀಟರಿನ ಟೇಬಲ್ ಟಾಪ್ ಸುಮಾರು 5,000 ರೂಪಾಯಿ ಎಂದುಕೊಳ್ಳಿ. ಅಂಗಡಿ ಹಿಟ್ಟಿಗೆ ಹೋಲಿಸಿದರೆ ಮನೆಯ ಹಿಟ್ಟಿನಲ್ಲಿ ಇಡ್ಲಿಗೆ ಮೂರೂವರೆ ರೂಪಾಯಿ ಉಳಿಯುತ್ತದೆ. ವಾರಕ್ಕೆ 40 ಇಡ್ಲಿಯ ಹಿಟ್ಟು ಎಂದರೆ 140 ರೂಪಾಯಿ. ಗ್ರೈಂಡರಿನ ದುಡ್ಡು ವಾಪಸ್ ಬರಲು ಎಂಟೊಂಬತ್ತು ತಿಂಗಳು ಬೇಕು, ಅದೂ ಪ್ರತಿ ವಾರ ತಪ್ಪದೆ ರುಬ್ಬಿದರೆ. ಆದ್ದರಿಂದ ಈಗಲೇ ತಗೊಳ್ಳಬೇಡಿ. ಮೊದಲ ಎರಡು ತಿಂಗಳು ಮಿಕ್ಸಿಯಲ್ಲೇ ರುಬ್ಬಿ. ಮಿಕ್ಸಿ ಬಿಸಿಯಾಗಿ ಉದ್ದು ಸರಿಯಾಗಿ ಉಬ್ಬುವುದಿಲ್ಲ, ಅದಕ್ಕೆ ಫ್ರಿಜ್ಜಿನ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಆಗದ ವಾರ ಒಂದೆರಡು ಪ್ಯಾಕೆಟ್ ಹಿಟ್ಟು ತನ್ನಿ, ಅದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ. ಎರಡು ತಿಂಗಳಾದ ಮೇಲೂ ಭಾನುವಾರ ಸಂಜೆ ನಿಮ್ಮಿಬ್ಬರಲ್ಲಿ ಒಬ್ಬರು ಹೇಳಿಸಿಕೊಳ್ಳದೆ ಎದ್ದು ಹೋಗಿ ಹಿಟ್ಟು ರುಬ್ಬುತ್ತಿದ್ದರೆ, ಆಗ ಗ್ರೈಂಡರ್ ತಗೊಳ್ಳಿ. ತೊಳೆಯಲು ಕಲ್ಲು ಸುಲಭವಾಗಿ ಹೊರಗೆ ಬರುತ್ತದೆಯೇ ಎಂದು ಅಂಗಡಿಯಲ್ಲೇ ಎತ್ತಿ ನೋಡಿ ತಗೊಳ್ಳಿ.